ಹಾರೆ, ಮದ್ದು, ಪರಮಾಣು

ಪರಮಾಣು ಭಯೋತ್ಪಾದನೆ ಎಂದೊಡನೆ ಕಣ್ಣ ಮುಂದೆ ಬರುವುದು ಯಾವುದೋ ದೂರದ ಮಹಾನಗರ, ಕದ್ದು ತಂದ ಬಾಂಬು, ರಾಜಧಾನಿಗಳ ಆತಂಕ. ಸೇಡಂ ತಾಲೂಕಿನ ಕುರಕುಂಟಾಕ್ಕೂ, ಅದರ ಆಸುಪಾಸಿನ ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಗೂ ಆ ಮಾತಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ, ಅದು ಕಲ್ಲಿನ ಮೂಲಕ ಬಂದದ್ದು. ಈ ಸೀಮೆಯ ಸುಣ್ಣಕಲ್ಲನ್ನು ಒಂದು ಕಾಲಕ್ಕೆ ಹಾರೆಯಿಂದ ಎಬ್ಬಿಸಿದರು. ಆಮೇಲೆ ಮದ್ದಿಟ್ಟು ಸಿಡಿಸಿದರು. ಈಗಿನ ಸಿಮೆಂಟ್ ಉದ್ಯಮದಲ್ಲಿ ಪುಡಿಯಾದ ಆ ಕಲ್ಲಿನ ಮಟ್ಟವನ್ನು ವಿಕಿರಣ ಹಾಯಿಸಿ ಅಳೆಯುವ ಪದ್ಧತಿಯೂ ಬಂದಿದೆ. ಸಲಕರಣೆ ಬದಲಾದಂತೆಲ್ಲ ಅದನ್ನು ಕಾಯುವ ಹೊಣೆ ಭಾರವಾಗುತ್ತ ಬಂತು. ದುಡಿಮೆಯ ಸಲಕರಣೆ ಭಯದ ಆಯುಧವಾಗುವುದು ಅದರ ಕಾವಲು ತಪ್ಪಿದಾಗ. ಕಾವಲು ತಪ್ಪುವ ಅಪಾಯ ಎಲ್ಲಕ್ಕಿಂತ ಹೆಚ್ಚಿರುವುದು ಕೆಲಸ ನಿಂತು ಹೋದಾಗ. ಈ ಸೀಮೆಯ ಕಸುಬಿನ ಚರಿತ್ರೆಯನ್ನು ಲೋಕದ ಅನುಭವದ ಜೊತೆಗಿಟ್ಟು ಓದಿದರೆ ಸಿಗುವ ಪಾಠ ಇದೇ ಎಂಬುದು ಈ ಬರಹದ ವಾದ.

ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಪದರಗಲ್ಲು ಸೇಡಂನಿಂದ ಶಹಾಪುರದ ಕಡೆಗೂ ಹಬ್ಬಿದೆ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತ ಸುಣ್ಣಕಲ್ಲು ಇದು. ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುವ ಗುಣ ಇದರದ್ದು. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಎದ್ದದ್ದು ಕಾಗಿಣಾ ದಂಡೆಯ ಈ ಕಲ್ಲಿನ ನೆಲದ ಮೇಲೆ. ಶಹಾಬಾದ್ ಕಲ್ಲು ಎಂದು ನಾಡೆಲ್ಲ ಹೆಸರಾದ ಫರಸಿ ಚಪ್ಪಡಿಗಳನ್ನು ತೆಗೆಯಲು ದೊಡ್ಡ ಸಿಡಿತ ಬೇಕಾಗಲಿಲ್ಲ. ಮದ್ದಿಟ್ಟರೆ ಚಪ್ಪಡಿಯೇ ಒಡೆದು ಕೆಲಸಕ್ಕೆ ಬಾರದಾಗುತ್ತದೆ. ಹಾರೆ, ಉಳಿ, ಸುತ್ತಿಗೆ, ಪದರದ ಸಂದು ಗುರುತಿಸುವ ಕಣ್ಣು, ಇಷ್ಟೇ ಬಂಡವಾಳ. ಈ ಕಸುಬಿನಲ್ಲಿ ಅಪಾಯವಿತ್ತು, ಬಿಸಿಲಿತ್ತು, ಕೈಕಾಲು ಜಜ್ಜುವ ಕಷ್ಟವಿತ್ತು. ಆದರೆ ಹಾರೆ ಕಳುವಾದರೆ ಊರಿಗೆ ಕೇಡಾಗುತ್ತಿರಲಿಲ್ಲ. ಸಲಕರಣೆಯ ಲೆಕ್ಕ ಇಡುವುದು ಮಾಲೀಕನ ಚಿಂತೆಯಾಗಿತ್ತೇ ಹೊರತು ಸರ್ಕಾರದ ಚಿಂತೆಯಾಗಿರಲಿಲ್ಲ.

ರೈಲು ಬಂದ ಮೇಲೆ ಕಲ್ಲಿನ ಹಣೆಬರಹ ಬದಲಾಯಿತು. ಮುಂಬೈಯಿಂದ ಸೊಲ್ಲಾಪುರದ ಮೇಲೆ ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮ ಸರ್ಕಾರದ ಆಸರೆಯಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಕವಲು ಹೊರಟಿತು. ಶಹಾಬಾದ್‌ನಲ್ಲಿ 1920ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ವಾಡಿಯ ಕಾರ್ಖಾನೆ 1968ರಲ್ಲಿ ಶುರುವಾಯಿತು. 1965ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಭಾರತೀಯ ಸಿಮೆಂಟ್ ನಿಗಮ 1970ರ ದಶಕದ ಆರಂಭದಲ್ಲಿ ಕುರಕುಂಟಾದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆ ನಡೆಸತೊಡಗಿತು. 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂನಲ್ಲಿ ಖಾಸಗಿ ಕಾರ್ಖಾನೆಗಳು ಬಂದವು. ಚಿಂಚೋಳಿಯ ಸರದಿ ಇನ್ನೂ ಈಚಿನದು. ಸಿಮೆಂಟಿಗೆ ಬೇಕಾದದ್ದು ಚಂದದ ಚಪ್ಪಡಿಯಲ್ಲ, ಲಕ್ಷಗಟ್ಟಲೆ ಟನ್ ಪುಡಿಗಲ್ಲು. ಅದಕ್ಕಾಗಿ ಕಲ್ಲಿಗೆ ಕುಳಿ ಕೊರೆದು, ಮದ್ದು ತುಂಬಿ, ಕೇಪು ಜೋಡಿಸಿ ಸಿಡಿಸುವ ಕೆಲಸ ಗಣಿಗಳ ದಿನಚರಿಯಾಯಿತು. ಇಲ್ಲಿಂದ ಸಲಕರಣೆಯ ಲೆಕ್ಕ ಮಾಲೀಕನೊಬ್ಬನ ವಿಷಯವಾಗಿ ಉಳಿಯಲಿಲ್ಲ.

ಸ್ಫೋಟಕದ ಚರಿತ್ರೆ ಪರಮಾಣು ಭಯದ ಚರಿತ್ರೆಗೆ ಒಳ್ಳೆಯ ಪೀಠಿಕೆ. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟಿಗೆ ಪೇಟೆಂಟ್ ಪಡೆದದ್ದು ಗಣಿ, ಸುರಂಗ, ರೈಲುದಾರಿಗಳ ಕೆಲಸ ಹಗುರಾಗಲಿ ಎಂದು. ಎರಡು ದಶಕ ತುಂಬುವ ಮೊದಲೇ ಅದು ಲಂಡನ್ನಿನ ಬೀದಿಗಳಲ್ಲಿ ರಾಜಕೀಯ ಆಯುಧವಾಗಿ ಸಿಡಿಯಿತು. ಬ್ರಿಟನ್ 1883ರಲ್ಲಿ ಸ್ಫೋಟಕ ವಸ್ತುಗಳ ಕಾಯ್ದೆ ತಂದಿತು. ಭಾರತಕ್ಕೆ 1884ರಲ್ಲಿ ತಯಾರಿಕೆ, ಸಾಗಣೆ, ಮಾರಾಟಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆ ಬಂತು. 1908ರಲ್ಲಿ, ಮುಜಫರ್‌ಪುರದ ಬಾಂಬಿನ ಬೆನ್ನಿಗೇ, ಇನ್ನೊಂದು ಕಠಿಣ ಕಾಯ್ದೆ ಬಂತು. ವಸಾಹತು ಸರ್ಕಾರ ಇವನ್ನು ತನ್ನ ಗದ್ದುಗೆಯ ರಕ್ಷಣೆಗೂ ಬಳಸಿತೆಂಬುದು ನಿಜ. ಆದರೂ ಸ್ವತಂತ್ರ ಭಾರತ ಅವನ್ನು ಉಳಿಸಿಕೊಂಡಿತು, ಏಕೆಂದರೆ ಒಳಗಿನ ತತ್ವ ಸರಿಯಿತ್ತು: ಸಿಡಿಯುವ ವಸ್ತು ಎಲ್ಲಿ ಹುಟ್ಟಿತು, ಯಾರ ಕೈಗೆ ಹೋಯಿತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದಕ್ಕೆ ಬರಹದ ಲೆಕ್ಕ ಇರಬೇಕು. ಮದ್ದು ಕೂಡಿಡುವ ಊರಾಚೆಯ ಮ್ಯಾಗಜಿನ್ ಕೋಣೆ, ಅದನ್ನು ಸಿಡಿಸುವ ಬ್ಲಾಸ್ಟರ್‌ಗೆ ಪರೀಕ್ಷೆ ಮತ್ತು ಪ್ರಮಾಣಪತ್ರ, ಮಿಕ್ಕ ಮದ್ದು ಮರಳಿ ಮ್ಯಾಗಜಿನ್ನಿಗೆ ಹೋಗಬೇಕೆಂಬ ನಿಯಮ, 1961ರ ಲೋಹಗಣಿ ನಿಯಮಾವಳಿ, 2012ರ ಅಮೋನಿಯಂ ನೈಟ್ರೇಟ್ ನಿಯಮಗಳು ಎಲ್ಲವೂ ಈ ಒಂದು ತತ್ವದ ವಿಸ್ತರಣೆಗಳು.

ಈ ಸರಪಳಿಯ ಕೊಂಡಿ ಕಳಚಿದಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹೇರಳ. 2006ರ ಫೆಬ್ರುವರಿಯಲ್ಲಿ ಛತ್ತೀಸಗಢದ ಬೈಲಾದಿಲಾ ಕಬ್ಬಿಣದ ಗಣಿಯ ಮ್ಯಾಗಜಿನ್ ಮೇಲೆ ನಕ್ಸಲರು ದಾಳಿ ಮಾಡಿ, ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ 8 ಮಂದಿಯನ್ನು ಕೊಂದು, ಸುಮಾರು 20 ಟನ್ ಸ್ಫೋಟಕ ಹೊತ್ತೊಯ್ದರು. ಗಣಿಯ ಮದ್ದು ಭಯದ ಮದ್ದಾಗಲು ಒಂದು ರಾತ್ರಿ ಸಾಕಾಯಿತು. ನಮ್ಮ ರಾಜ್ಯದಲ್ಲಿ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಕಲ್ಲುಗಣಿಯ ಸ್ಫೋಟಕಗಳಿಂದ ನಡುಗಿದವು. ಹಿರೇನಾಗವಲ್ಲಿಯಲ್ಲಿ 6 ಮಂದಿ ಸತ್ತರು. ಅಲ್ಲಿ ಭಯೋತ್ಪಾದಕರು ಇರಲಿಲ್ಲ, ಲೆಕ್ಕ ತಪ್ಪಿದ ಜಿಲೆಟಿನ್ ಇತ್ತು. 2020ರ ಆಗಸ್ಟ್ 4ರಂದು ಬೈರೂತ್ ಬಂದರನ್ನು ಬೂದಿ ಮಾಡಿದ 2,750 ಟನ್ ಅಮೋನಿಯಂ ನೈಟ್ರೇಟ್ ಯಾರೋ ಕದ್ದು ತಂದಿಟ್ಟದ್ದಲ್ಲ. ಹಡಗಿನ ಮಾಲೀಕ ಕೈಬಿಟ್ಟ ಸರಕು ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿತ್ತು, ಅಷ್ಟೇ. ದಾಳಿ, ಅಜಾಗರೂಕತೆ, ಕೈಬಿಟ್ಟು ಹೋಗುವುದು: ಕೇಡು ಒಳನುಗ್ಗುವ ಬಾಗಿಲು ಈ ಮೂರು. ಮೊದಲನೆಯದಕ್ಕೆ ಬಂದೂಕಿನ ಕಾವಲು ಬೇಕು. ಉಳಿದೆರಡಕ್ಕೆ ಬೇಕಾದದ್ದು ಲೆಕ್ಕ ಮತ್ತು ಲೆಕ್ಕ ಕೇಳುವವರು.

ಇನ್ನು ಮೂರನೆಯ ಯುಗ, ಪರಮಾಣುವಿನದು. ಸಿಮೆಂಟ್ ಕಾರ್ಖಾನೆಯಲ್ಲಿ ಕಾದ ಪುಡಿ ಸುರಿಯುವ ಗೋಪುರದೊಳಗೆ, ದೂಳು ತುಂಬಿದ ಹಾಪರಿನೊಳಗೆ ಸರಕು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಇಣುಕಿ ನೋಡಲಾಗದು. ಸಾಧಾರಣ ಅಳತೆಯ ಸಲಕರಣೆ ಆ ಬಿಸಿಗೆ, ಆ ಸವೆತಕ್ಕೆ ಬಾಳುವುದಿಲ್ಲ. ಆದ್ದರಿಂದ ಒಂದು ಬದಿಯಲ್ಲಿ ಸೀಸದ ಕವಚದೊಳಗೆ ಸೀಸಿಯಂ-137 ಅಥವಾ ಕೋಬಾಲ್ಟ್-60ರ ಚಿಕ್ಕ ಗುಳಿಗೆ, ಇನ್ನೊಂದು ಬದಿಯಲ್ಲಿ ವಿಕಿರಣ ಎಣಿಸುವ ಯಂತ್ರ ಇಡುವ ಪದ್ಧತಿ ಲೋಕದ ಸಿಮೆಂಟ್ ಉದ್ಯಮದಲ್ಲೆಲ್ಲ ಬಂತು. ನಡುವೆ ಸರಕು ಏರಿದರೆ ಕಿರಣ ತಗ್ಗುತ್ತದೆ, ಮಟ್ಟ ತಿಳಿಯುತ್ತದೆ. ಬೆಲ್ಟಿನ ಮೇಲೆ ಹರಿಯುವ ಕಲ್ಲಿನಲ್ಲಿ ಸುಣ್ಣವೆಷ್ಟು, ಸಿಲಿಕಾ ಎಷ್ಟು ಎಂದು ನಿಂತಲ್ಲೇ ಹೇಳಲು ಕ್ಯಾಲಿಫೋರ್ನಿಯಂ-252ರ ನ್ಯೂಟ್ರಾನ್‌ಗಳನ್ನು ಬಳಸುವ ಯಂತ್ರಗಳೂ ಇವೆ. ಬಾಯ್ಲರ್ ಕಟ್ಟುವ ಉದ್ಯಮದಲ್ಲಿ ಬೆಸುಗೆಯ ಬಿರುಕು ಹುಡುಕಲು ಇರಿಡಿಯಂ-192 ಬಳಸುವುದು ಸರ್ವೇಸಾಮಾನ್ಯ. ಭಾರತದಲ್ಲಿ ಇವಕ್ಕೆಲ್ಲ ಚೌಕಟ್ಟು ಹಾಕಿದ್ದು 1962ರ ಪರಮಾಣು ಶಕ್ತಿ ಕಾಯ್ದೆ, 2004ರ ವಿಕಿರಣ ಸುರಕ್ಷಾ ನಿಯಮಗಳು; ಇವು 1983ರಲ್ಲಿ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹಿಡಿತದಲ್ಲಿವೆ. ಕೊಳ್ಳಲು ಒಪ್ಪಿಗೆ ಬೇಕು, ಹೊಣೆ ಹೊರುವ ಸುರಕ್ಷಾ ಅಧಿಕಾರಿ ಬೇಕು, ಆಯುಸ್ಸು ಮುಗಿದ ಗುಳಿಗೆ ಪೂರೈಸಿದವರಿಗೆ ಮರಳಬೇಕು. ಕವಚದೊಳಗೆ ಇರುವಷ್ಟು ಕಾಲ, ನಿಯಮ ಪಾಲಿಸುವಷ್ಟು ಕಾಲ, ಪಕ್ಕದಲ್ಲಿ ದುಡಿಯುವವನಿಗೆ ಇದರಿಂದ ಭಯವಿಲ್ಲ. ಮದ್ದಿನ ಲೆಕ್ಕ ಕಲಿತ ಗಣಿಸೀಮೆಗೆ ಇದು ಅದೇ ಪಾಠದ ಮುಂದಿನ ಪುಟ.

ಮದ್ದಿಗೂ ಇದಕ್ಕೂ ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಮದ್ದು ಸಿಡಿದರೆ ಮುಗಿಯಿತು. ಸೀಸಿಯಂ ಹಾಗಲ್ಲ, 30 ವರ್ಷ ಕಳೆದರೂ ಅದರ ಶಕ್ತಿ ಅರ್ಧವಷ್ಟೇ ಕುಂದುತ್ತದೆ, ಇನ್ನೂ 30 ವರ್ಷಕ್ಕೆ ಕಾಲು ಭಾಗ ಉಳಿಯುತ್ತದೆ. ಈ ಕಾಲಮಾನವನ್ನು ಕಾರ್ಖಾನೆಯ ಆಯುಸ್ಸಿಗೆ ಹೋಲಿಸಿ ನೋಡಬೇಕು. ಕುರಕುಂಟಾದ ಕಾರ್ಖಾನೆ ನಷ್ಟದಲ್ಲಿ ಸಿಕ್ಕಿ 1998ರಲ್ಲಿ ನಿಂತಿತು; ಅದು ನಡೆದದ್ದು ಹೆಚ್ಚುಕಡಿಮೆ ಕಾಲು ಶತಮಾನ. ಅದೇ ನಿಗಮದ ಹಲವು ಘಟಕಗಳು ಆ ಎರಡು ಮೂರು ವರ್ಷಗಳಲ್ಲೇ ಒಂದರ ಹಿಂದೊಂದು ಮುಚ್ಚಿದವು. ಶಹಾಬಾದ್‌ನ ಹಳೆಯ ಸಿಮೆಂಟ್ ಕಾರ್ಖಾನೆಯೂ ಉಳಿಯಲಿಲ್ಲ. ಈ ಕಾರ್ಖಾನೆಗಳಲ್ಲಿ ಏನೋ ಬಿಟ್ಟುಹೋಗಿದ್ದರೆಂದು ಇಲ್ಲಿ ಆರೋಪಿಸುತ್ತಿಲ್ಲ. ಹೋಲಿಕೆ ಕಾಲದ್ದು ಮಾತ್ರ. ಒಂದು ಕಾರ್ಖಾನೆ ಹುಟ್ಟಿ, ಬೆಳೆದು, ಸಾಲಕ್ಕೆ ಬಿದ್ದು, ಬೀಗ ಕಾಣುವಷ್ಟರಲ್ಲಿ ಸೀಸಿಯಂನ ಒಂದು ಅರ್ಧಾಯುಷ್ಯವೂ ತುಂಬಿರುವುದಿಲ್ಲ. ಕಾವಲುಗಾರನ ಸಂಬಳ ನಿಂತ ಮೇಲೂ ಕಾಯಬೇಕಾದ ವಸ್ತು ಹಾಗೆಯೇ ಇರುತ್ತದೆ. ನಮ್ಮ ಕಾನೂನು, ನಮ್ಮ ಬ್ಯಾಂಕು, ನಮ್ಮ ಹರಾಜು ಎಲ್ಲವೂ ಕಾರ್ಖಾನೆಯ ಆಯುಸ್ಸಿನಲ್ಲಿ ಯೋಚಿಸುತ್ತವೆ. ಪರಮಾಣುವಿನ ಆಯುಸ್ಸಿನಲ್ಲಿ ಯೋಚಿಸುವುದನ್ನು ಇನ್ನೂ ಕಲಿಯಬೇಕಿದೆ.

ಇದು ಬರಿಯ ಊಹೆಯಲ್ಲ. ಚೀನಾದ ಷಾನ್‌ಷಿ ಪ್ರಾಂತ್ಯದ ತುಂಗ್‌ಚುವಾನ್‌ನಲ್ಲಿ 2009ರ ಮಾರ್ಚ್‌ನಲ್ಲಿ ಒಂದು ಹಳೆಯ ಸಿಮೆಂಟ್ ಕಾರ್ಖಾನೆಯನ್ನು ಕೆಡವುವಾಗ ಸೀಸಿಯಂ-137 ಇದ್ದ ಸೀಸದ ಉಂಡೆಯೊಂದು ಕಾಣೆಯಾಯಿತು. ಗುಜರಿಯ ಜೊತೆ ಸೇರಿ ಹೋದ ಅದು ಕೊನೆಗೆ ಉಕ್ಕಿನ ಕುಲುಮೆಯಲ್ಲಿ ಕರಗಿತ್ತು. ಬ್ರೆಜಿಲಿನ ಗೊಯಾನಿಯಾದಲ್ಲಿ 1987ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟ ಆಸ್ಪತ್ರೆಯ ಕಟ್ಟಡದಿಂದ ಇಬ್ಬರು ಚಿಕಿತ್ಸಾ ಯಂತ್ರದ ಭಾಗವನ್ನು ಗುಜರಿಗೆಂದು ಹೊತ್ತೊಯ್ದರು. ಒಳಗಿನ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದರಿಂದ ಅದನ್ನು ಕೊಂಡ ಗುಜರಿಯವನು ನೆಂಟರಿಷ್ಟರಿಗೆಲ್ಲ ಹಂಚಿದ. 4 ಮಂದಿ ಸತ್ತರು, 249 ಮಂದಿಗೆ ವಿಕಿರಣ ಅಂಟಿತು, ಒಂದು ಲಕ್ಷಕ್ಕೂ ಹೆಚ್ಚು ಜನ ತಪಾಸಣೆಗೆ ಸಾಲು ನಿಲ್ಲಬೇಕಾಯಿತು, ಮನೆಗಳನ್ನೇ ಕೆಡವಬೇಕಾಯಿತು. ನಮ್ಮ ದೆಹಲಿಯಲ್ಲಿ, 2010ರ ಏಪ್ರಿಲ್‌ನಲ್ಲಿ, ಮಾಯಾಪುರಿಯ ಗುಜರಿ ಪೇಟೆಯಲ್ಲಿ ಕೋಬಾಲ್ಟ್-60 ಒಬ್ಬನ ಜೀವ ತೆಗೆಯಿತು, ಹಲವರನ್ನು ಹಾಸಿಗೆ ಹಿಡಿಸಿತು. ಅದು ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಸುಮಾರು 25 ವರ್ಷ ಬಳಕೆಯಿಲ್ಲದೆ ಕೂತು, ಆಮೇಲೆ ಹರಾಜಾದ ಯಂತ್ರದ್ದು. ಮೂರೂ ಕಡೆ ಕೊನೆಗೆ ಸಿಕ್ಕಿದ್ದು ಗುಜರಿಯವರ ಕೈಗೆ. ಅವರಿಗೆ ಕೇಡಿನ ಉದ್ದೇಶ ಇರಲಿಲ್ಲ. ಹೊಟ್ಟೆಪಾಡಿಗೆ ಕಬ್ಬಿಣ ಆಯುವವನ ಕೈಗೆ ಇಷ್ಟು ಸುಲಭವಾಗಿ ಸಿಗುವುದು, ಹುಡುಕುತ್ತ ಬಂದವನ ಕೈಗೆ ಸಿಗಲಾರದೇ?

ಇಲ್ಲಿ ಮೊದಲ ಆಕ್ಷೇಪಣೆಯನ್ನು ಎದುರಿಸಬೇಕು. ಪರಮಾಣು ಭಯ ಎಂದರೆ ಬಾಂಬು, ಬಾಂಬೆಂದರೆ ಯುರೇನಿಯಂ. ಇದೇ ಭೀಮಾ ಪದರಗಲ್ಲಿನ ದಕ್ಷಿಣ ಭಾಗದಲ್ಲಿ, ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿಯಲ್ಲಿ, ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ ನಿಕ್ಷೇಪ ಪತ್ತೆ ಮಾಡಿದೆಯಲ್ಲ, ಚಿಂತಿಸಬೇಕಾದದ್ದು ಅದನ್ನಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಬಾಂಬಿಗೆ ಬೇಕಾದದ್ದು ಯುರೇನಿಯಂ-235. ನಿಸರ್ಗದ ಯುರೇನಿಯಂನಲ್ಲಿ ಅದು ಶೇ 0.7 ಮಾತ್ರ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡ ಪ್ರಮಾಣ 25 ಕಿಲೋ. ಒಂದು ಚೂರೂ ಪೋಲಾಗದೆ ಅಷ್ಟನ್ನು ಹಿಂಡಿದರೂ ಮೂರೂವರೆ ಟನ್ ಶುದ್ಧ ಯುರೇನಿಯಂ ಬೇಕು. ಅದಿರಿನಲ್ಲಿ ಯುರೇನಿಯಂ ನೂರಕ್ಕೆ ಒಂದು ಪಾಲೂ ಇರುವುದಿಲ್ಲವಾದ್ದರಿಂದ ಎಬ್ಬಿಸಬೇಕಾದ ಕಲ್ಲು ಕನಿಷ್ಠ ನೂರಾರು ಟನ್ನುಗಳು. ಆಮೇಲೆ ಸಾವಿರಾರು ಸೆಂಟ್ರಿಫ್ಯೂಜ್‌ಗಳು. ಇದು ದೇಶಗಳೇ ದಶಕಗಟ್ಟಲೆ ಹೆಣಗುವ ಕೆಲಸ. ಜಪಾನಿನ ಓಮ್ ಶಿನ್ರಿಕ್ಯೋ ಪಂಥ 1993ರಲ್ಲಿ ಆಸ್ಟ್ರೇಲಿಯಾದಲ್ಲಿ ಜಮೀನು ಕೊಂಡು ಯುರೇನಿಯಂಗಾಗಿ ನೆಲ ಕೆದಕಿತು. ಹಣವಿತ್ತು, ವಿಜ್ಞಾನ ಓದಿದವರಿದ್ದರು, ಆದರೂ ಆ ದಾರಿ ಬಿಟ್ಟು ಸಾರಿನ್ ವಿಷಾನಿಲಕ್ಕೆ ಇಳಿಯಿತು. ಗೋಗಿಯ ಜನ ಕೇಳುತ್ತಿರುವುದು ತಮ್ಮ ಕುಡಿಯುವ ನೀರಿನ ಪ್ರಶ್ನೆ, ಹೊಲದ ಪ್ರಶ್ನೆ. ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಭಯೋತ್ಪಾದನೆಯ ಹೆಸರು ಮುಂದೆ ಮಾಡಿ ಅವರ ಬಾಯಿ ಮುಚ್ಚಿಸುವುದು ವಿಜ್ಞಾನಕ್ಕೂ ನ್ಯಾಯಕ್ಕೂ ಒಪ್ಪದ ಮಾತು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಸಿಮೆಂಟ್ ಕಾರ್ಖಾನೆಯ ಗುಳಿಗೆ ಚಿಕ್ಕದು. ಮದ್ದಿನ ಜೊತೆ ಸೇರಿಸಿ ಸಿಡಿಸಿದರೂ ಸಾಯುವವರು ಮದ್ದಿನಿಂದ ಸಾಯುತ್ತಾರೆ, ವಿಕಿರಣದಿಂದಲ್ಲ. ಇಷ್ಟಕ್ಕೆ ಹುಯಿಲೆಬ್ಬಿಸುವುದು ಏಕೆ ಎನ್ನುತ್ತಾರೆ. ಮಾತು ಬಹುಮಟ್ಟಿಗೆ ಸರಿ. ಇಂಥ ಗುಳಿಗೆಗಳು ಅಪಾಯದ ಏಣಿಯಲ್ಲಿ ನಡುವಿನ, ಕೆಳಗಿನ ಮೆಟ್ಟಿಲುಗಳಲ್ಲಿವೆ. ಆಸ್ಪತ್ರೆಯ ಚಿಕಿತ್ಸಾ ಯಂತ್ರಗಳದ್ದು ಮೇಲಿನ ಮೆಟ್ಟಿಲು. ಆದರೆ ಭಯೋತ್ಪಾದನೆಯ ಗುರಿ ಹೆಣ ಎಣಿಸುವುದರಲ್ಲಿ ಮುಗಿಯುವುದಿಲ್ಲ. 1995ರಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಉದ್ಯಾನವೊಂದರಲ್ಲಿ ಸೀಸಿಯಂ ಹೂತಿಟ್ಟು ಪತ್ರಕರ್ತರಿಗೆ ಜಾಗ ತೋರಿಸಿದರು. ಸಿಡಿಸಲಿಲ್ಲ, ಯಾರೂ ಸಾಯಲಿಲ್ಲ. ಆದರೂ ಲೋಕವೆಲ್ಲ ಅದನ್ನು ಮಾತಾಡಿತು. ಗೊಯಾನಿಯಾದಲ್ಲಿ ವಿಕಿರಣ ಅಂಟಿದವರು ನೂರಾರು, ಅಂಜಿಕೆ ಅಂಟಿದವರು ಲಕ್ಷ. ಆ ಊರಿನ ಸರಕನ್ನು ಕೊಳ್ಳಲು ಹೊರಗಿನವರು ಹಿಂಜರಿದರು. ವಾಡಿ ಜಂಕ್ಷನ್ನಿನಂಥ ನಿಲ್ದಾಣದಲ್ಲಿ, ವಾರದ ಸಂತೆಯಲ್ಲಿ, ಇಂಥದ್ದೊಂದು ಸುದ್ದಿ ಹಬ್ಬಿದರೆ ಊರು ಖಾಲಿಯಾಗಲು ಎಷ್ಟು ಹೊತ್ತು ಬೇಕು? ಹಾಗಾಗಿ ಭಯವನ್ನು ಅಳತೆ ಮೀರಿ ಹೇಳದೆ ಇರುವುದೂ ತಡೆಯ ಒಂದು ಭಾಗವೇ. ಜನಕ್ಕೆ ನಿಜವಾದ ಅಳತೆ ಮೊದಲೇ ಗೊತ್ತಿದ್ದರೆ ಆಯುಧದ ಅರ್ಧ ಬಲ ಅಲ್ಲಿಗೇ ಉಡುಗುತ್ತದೆ.

ಕೋಟೆ ಕಟ್ಟಿ ಸೈನ್ಯ ನಿಲ್ಲಿಸಿದರೆ ಸಾಲದೇ ಎಂಬುದು ಮೂರನೆಯ ಮಾತು. ಕೈಗಾದಂಥ ಪರಮಾಣು ವಿದ್ಯುತ್ ಸ್ಥಾವರಕ್ಕೆ ಬೇಲಿ, ಬಂದೂಕು, ತಪಾಸಣೆ ಎಲ್ಲ ಇದೆ, ಇರಲೇಬೇಕು. ಅದೇ ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ನೌಕರರು ಕುಡಿಯುವ ನೀರಿನ ಕೂಲರಿಗೆ ಟ್ರೀಟಿಯಂ ಇದ್ದ ಭಾರಜಲ ಬೆರೆತು ಹಲವರ ಮೈಸೇರಿತು. ಒಳಗಿನವರದೇ ಕೈವಾಡವೆಂದು ಅಧಿಕಾರಿಗಳೇ ಹೇಳಿದರು. ಬೇಲಿ ಹೊರಗಿನವನನ್ನು ತಡೆಯುತ್ತದೆ, ಒಳಗಿನವನನ್ನಲ್ಲ. ಇನ್ನು ನೂರಾರು ಕಾರ್ಖಾನೆ, ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಚದುರಿದ ಗುಳಿಗೆಗಳಿಗೆಲ್ಲ ಸೈನ್ಯ ನಿಲ್ಲಿಸುವುದು ಆಗದ ಕೆಲಸ. ಅಲ್ಲಿ ಕಾಯುವುದು ಲೆಕ್ಕದ ಪುಸ್ತಕ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿಯೊಂದರಿಂದ ಲಾರಿಯಲ್ಲಿ ಹೊರಟ ಅಳತೆ ಯಂತ್ರದ ಸೀಸಿಯಂ ಗುಳಿಗೆ ದಾರಿಯಲ್ಲಿ ಉದುರಿತು. ಎತ್ತರ 8 ಮಿಲಿಮೀಟರ್, ಅಗಲ 6. ಹುಡುಕಬೇಕಾದ ದಾರಿ 1,400 ಕಿಲೋಮೀಟರ್. ತಲುಪಿದ ಪೆಟ್ಟಿಗೆಯನ್ನು ಬಿಚ್ಚಿ ಎಣಿಸುವವರು ಇದ್ದುದರಿಂದ ಕಳೆದದ್ದು ಗೊತ್ತಾಯಿತು. ಗೊತ್ತಾದ ಒಂದು ವಾರದೊಳಗೆ ರಸ್ತೆಯ ಬದಿಯಲ್ಲಿ ಅದು ಸಿಕ್ಕಿತು. ತುಂಗ್‌ಚುವಾನ್‌ನಲ್ಲಿ ಕುಲುಮೆ ಸೇರಿದ್ದಕ್ಕೂ ಇಲ್ಲಿ ಕೈಗೆ ಸಿಕ್ಕಿದ್ದಕ್ಕೂ ನಡುವೆ ಇರುವುದು ಸಕಾಲಕ್ಕೆ ಎಣಿಸಿದ ಕೈ.

ಲೋಕದ ಮಟ್ಟದಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಭದ್ರತಾ ಮಂಡಳಿಯ 1540ನೇ ನಿರ್ಣಯ 2004ರಲ್ಲಿ ಬಂತು; ಪರಮಾಣು ಭಯೋತ್ಪಾದನೆ ತಡೆಯುವ ಒಡಂಬಡಿಕೆಯನ್ನು ವಿಶ್ವಸಂಸ್ಥೆ 2005ರಲ್ಲಿ ಅಂಗೀಕರಿಸಿ 2007ರಲ್ಲಿ ಜಾರಿಗೆ ತಂದಿತು, ಭಾರತವೂ ಅದರಲ್ಲಿದೆ; 2010ರಿಂದ 2016ರವರೆಗೆ ನಾಲ್ಕು ಶೃಂಗಸಭೆಗಳು ನಡೆದವು. ಇವೆಲ್ಲ ತಾಲೂಕಿನ ಮಟ್ಟಕ್ಕೆ ಇಳಿದಾಗಲೇ ಬೆಲೆ. ಕಾರ್ಖಾನೆ ರೋಗಗ್ರಸ್ತವೆಂದು ಘೋಷಣೆಯಾದ ದಿನವೇ, ದಿವಾಳಿ ಪ್ರಕ್ರಿಯೆ ಶುರುವಾದ ದಿನವೇ, ಮೊದಲು ಹೊರಹೋಗಬೇಕಾದದ್ದು ವಿಕಿರಣದ ಗುಳಿಗೆ ಮತ್ತು ಮ್ಯಾಗಜಿನ್ನಿನ ಮದ್ದು. ಅವು ಹೋದ ರಸೀದಿ ಇಲ್ಲದೆ ಒಂದು ಬೋಲ್ಟೂ ಹರಾಜಾಗಬಾರದು. ಗುಳಿಗೆ ಕೊಳ್ಳುವ ದಿನವೇ ಅದನ್ನು ಮರಳಿಸುವ ಖರ್ಚನ್ನು ಠೇವಣಿಯಾಗಿ ತೆಗೆದಿಡುವಂತಾಗಬೇಕು, ಏಕೆಂದರೆ ದಿವಾಳಿಯಾದವನ ಕೈಯಲ್ಲಿ ಆ ಹಣ ಇರುವುದಿಲ್ಲ. ರೇಡಾರ್‌ನಂಥ ಬೇರೆ ಅಳತೆಯ ವಿಧಾನ ನಡೆಯುವ ಕಡೆ ವಿಕಿರಣವನ್ನೇ ಕೈಬಿಡಬೇಕು. ಮೂರೆಸಳಿನ ವಿಕಿರಣ ಚಿಹ್ನೆ ಸಾಮಾನ್ಯ ಜನಕ್ಕೆ ಅರ್ಥವಾಗುತ್ತಿಲ್ಲವೆಂದು ಕಂಡುಕೊಂಡೇ 2007ರಲ್ಲಿ ತಲೆಬುರುಡೆ ಮತ್ತು ಓಡುವ ಮನುಷ್ಯನಿರುವ ಕೆಂಪು ತ್ರಿಕೋನದ ಹೊಸ ಚಿಹ್ನೆ ತಂದರು. ಅದು ಸೇಡಂ, ಶಹಾಬಾದ್‌ಗಳ ಗುಜರಿ ಅಂಗಡಿಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ ಕನ್ನಡದ ನಾಲ್ಕು ಸಾಲಿನೊಂದಿಗೆ ಗೋಡೆಯ ಮೇಲಿರಬೇಕು. ಬಹಿರಂಗವಾಗಿ ಹೇಳಿದರೆ ಕೇಡಿಗರಿಗೆ ದಾರಿ ತೋರಿಸಿದಂತಾಗದೇ ಎನ್ನುವವರಿಗೆ ಉತ್ತರ ಗೊಯಾನಿಯಾದಲ್ಲಿದೆ: ಗುಟ್ಟು ಅಲ್ಲಿ ಯಾರನ್ನೂ ಕಾಯಲಿಲ್ಲ, ಅರಿವು ಇದ್ದಿದ್ದರೆ ನಾಲ್ಕು ಜೀವ ಉಳಿಯುತ್ತಿದ್ದವು. ಯಾವ ಗುಳಿಗೆ ಯಾವ ಮೂಲೆಯಲ್ಲಿದೆ ಎಂಬುದು ಗುಟ್ಟಾಗಿರಲಿ. ಅದನ್ನು ಕಂಡರೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿರಲಿ.

ಹಾರೆಯ ಕಾಲದಲ್ಲಿ ಈ ಸೀಮೆಗೆ ಲೆಕ್ಕದ ಪುಸ್ತಕ ಬೇಕಾಗಿರಲಿಲ್ಲ. ಮದ್ದಿನ ಕಾಲ ಅದನ್ನು ಬರೆಯಲು ಕಲಿಸಿತು. ಕಾರ್ಖಾನೆ ಮುಚ್ಚಿದ ಮೇಲೂ ಅದನ್ನು ಮುಚ್ಚಬಾರದೆಂಬುದು ಪರಮಾಣುವಿನ ಕಾಲ ಕಲಿಸುತ್ತಿರುವ ಪಾಠ. ಇಂದು ಹೊಗೆಯಾಡುತ್ತಿರುವ ಪ್ರತಿ ಚಿಮಣಿಯೂ ಎಂದಾದರೊಂದು ದಿನ ತಣ್ಣಗಾಗುತ್ತದೆ. ಕುರಕುಂಟಾ ಅದನ್ನು 1998ರಲ್ಲೇ ಕಂಡಿದೆ. ಆ ದಿನ ಗೇಟಿಗೆ ಬೀಗ ಬೀಳುವ ಮೊದಲು, ಒಳಗೆ ಏನಿತ್ತು, ಅದು ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ಕಾರ್ಮಿಕರಿಗಿದೆ, ಪಂಚಾಯಿತಿಗಿದೆ, ಸುತ್ತಲ ಹಳ್ಳಿಗಳಿಗಿದೆ. ಅದನ್ನು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.